ಕತ್ತಿನ ಗುಂಡಿ

ಮಗಳು ತೀರಿಕೊಂಡ ಹದಿನಾಲ್ಕನೆಯ ದಿನ ಚೆಲುವಮ್ಮ ಗಾರ್ಮೆಂಟ್ಸಿನ ಕೆಲಸಕ್ಕೆ ಮರಳಿದಳು. ಬ್ಯಾಚಿನ ಪದ್ಧತಿಯಂತೆ ಅವಳ ದುಃಖವನ್ನು ಎಂಟು ಹೆಂಗಸರು ಗಂಟೆಗೊಬ್ಬರಂತೆ ಹೊತ್ತರು. ಅಂಗೈಗೆ ಅಂಗೈ ಒತ್ತಿದರೆ ಸಾಕು, ದಾಟಿಬಿಡುತ್ತಿತ್ತು. ಹೊತ್ತವಳು ಕಣ್ಣೊರೆಸಿಕೊಳ್ಳುತ್ತ ನಿಧಾನವಾಗಿ ಹೊಲಿದರೂ ಸೂಪರ್‌ವೈಸರ್ ಏನೂ ಅನ್ನುತ್ತಿರಲಿಲ್ಲ. ಚೆಲುವಮ್ಮನ ಕೈ ಮಾತ್ರ ಸಲೀಸಾಗಿ ಓಡುತ್ತಿತ್ತು.

ಊಟದ ನಂತರದ ಗಂಟೆ ಗುಂಡಿ ಹಾಕುವ ಮಾದೇವಿಯದು. ಅವಳು ಮುಗಿಸಿ ಕಳಿಸಿದ ಸ್ಕೂಲ್ ಶರಟುಗಳು ಚೆಕಿಂಗಿನಿಂದ ವಾಪಸು ಬಂದವು. ನಲವತ್ತರಲ್ಲೂ ಕತ್ತಿನ ಗುಂಡಿಯೇ ಇಲ್ಲ.

"ಏನಮ್ಮ ಇದು?" ಎಂದ ಸೂಪರ್‌ವೈಸರ್.

"ಕತ್ತು ಬಿಗಿಯಾಯ್ತದೆ ಅಂತ ದಿನಾ ಬಿಚ್ಕೊತಿದ್ಲು ಸಾರ್. ಹಾಕಕ್ಕೆ ಕೈ ಬರ್ನಿಲ್ಲ," ಎಂದಳು ಮಾದೇವಿ.

ಪಕ್ಕದ ಮಿಶಿನ್ನಿನಲ್ಲಿದ್ದ ಚೆಲುವಮ್ಮ ತಲೆಯೆತ್ತಿದಳು. "ಯಾರೇ ಬಿಚ್ಕೊತಿದ್ದಿದ್ದು?"

ಮಾದೇವಿ ಅವಳನ್ನೇ ನೋಡಿದಳು. ಆ ನೋಟದಿಂದ ಚೆಲುವಮ್ಮನಿಗೆ ತಿಳಿಯಿತು. ಮಗಳು ಸತ್ತದ್ದು ಅವಳಿಗೆ ನೆನಪಿತ್ತು. ಮಗಳ ಕತ್ತು ನೆನಪಿರಲಿಲ್ಲ; ದುಃಖದ ಜೊತೆ ಅದೂ ದಾಟಿಹೋಗಿತ್ತು.

ಎದ್ದು ಬಂದು ಅಂಗೈ ಚಾಚಿದಳು. "ಕೊಡು."

"ಇನ್ನೂ ಅರ್ಧ ಗಂಟೆ ಅದೆ ಕಣಕ್ಕ. ನಿನ್ ಟಾರ್ಗೆಟ್ ಮುಗಿಸ್ಕೊ."

"ಮುಗಿಸ್ತೀನಿ. ಅದ್ನ ಕೊಡು."

ಅಂಗೈ ಸೇರಿದಾಗ ಮಗಳ ಕತ್ತು ಅವಳ ಕಣ್ಣಿಗೆ ಕಟ್ಟಿತು. ಆಮೇಲೆ ಕೂತು, ನಲವತ್ತು ಶರಟನ್ನೂ ಪಕ್ಕಕ್ಕೆಳೆದುಕೊಂಡು, ಸೂಜಿಗೆ ದಾರ ಪೋಣಿಸಿದಳು. ಅಳುತ್ತಲೇ ಸಂಜೆಯ ಬೆಲ್ಲಿಗೆ ಮುಂಚೆ ಎಲ್ಲಕ್ಕೂ ಗುಂಡಿ ಹಾಕಿದಳು, ಒಂದೊಂದನ್ನೂ ಕೊಂಚ ಅಂಚಿಗೆ ಸರಿಸಿ, ಕತ್ತಿಗೆ ಸಡಿಲವಾಗುವಂತೆ.