ದೀಕ್ಷಾಸ್ನಾನದ ಕೊಡ

ಮೇ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಮಾನ್ವಿ ಕಡೆಯ ಜಾಲಹಳ್ಳಿಯ ನಮ್ಮ ಚರ್ಚಿನ ಬಾಗಿಲಲ್ಲಿ, ಅಜ್ಜಿಯ ಪಕ್ಕ ಅಕ್ಕನೂ ನಾನೂ ನಿಂತಿದ್ದೆವು. ನನಗಾಗ ಎಂಟು ವರ್ಷ. ನೀರಲ್ಲಿ ನೆನೆದ ಮಣ್ಣಿನ ಕೊಡದ ವಾಸನೆ ಈಗಲೂ ನನ್ನನ್ನು ಅಲ್ಲಿಗೇ ಒಯ್ಯುತ್ತದೆ. ಬೋರ್‌ವೆಲ್ ಬತ್ತಿತ್ತು. ತಮ್ಮನ ದೀಕ್ಷಾಸ್ನಾನಕ್ಕೆಂದು ಅಜ್ಜಿ ದೂರದಿಂದ ಹೊತ್ತು ತಂದ ಒಂದೇ ಕೊಡ ನೀರಿತ್ತು.

ಕುರಿ ಕಾಯುವವಳೊಬ್ಬಳು ಕೂಸನ್ನು ಎತ್ತಿಕೊಂಡು ಮೆಟ್ಟಿಲ ಬಳಿ ಬಂದಳು. "ಕೂಸು ಕಣ್ಣು ತೆರೀವಲ್ದು ಯವ್ವಾ, ನೀರು ಕೊಡ್ರಿ."

ಅಜ್ಜಿ ಕೊಡ ಬಗ್ಗಿಸಿದಳು.

"ಅತ್ತಿ, ಅದು ದೀಕ್ಷಾದ ನೀರು!" ಎಂದು ಅವ್ವ ಕೂಗಿದಳು.

"ಶಿಲುಬಿ ಮ್ಯಾಲ ಸ್ವಾಮಿನೂ ನೀರು ಕೇಳಿದ್ದ. ಹುಳಿರಸ ಕೊಟ್ರು. ಸುಮ್ನಿರು."

ಆ ತಾಯಿ, ಕೂಸು ಕುಡಿದ ಮೇಲೆ ಅಜ್ಜಿ ಅವಳ ಕ್ಯಾನನ್ನೂ ತುಂಬಿದಳು. ತಳದಲ್ಲಿ ಬೊಗಸೆಯಷ್ಟು ಉಳಿಯಿತು. ಪಾದ್ರಿಗಳು ಅದರಲ್ಲಿ ಬೆರಳು ಅದ್ದಿ ನಕ್ಕರು. "ಸಾಕವ್ವ, ಇವನ ತಲಿ ಸಣ್ಣದದ."

ತಮ್ಮ ನಿದ್ದೆಯಲ್ಲಿದ್ದ. ಅಜ್ಜಿ ಆ ನೀರು ಕೊಟ್ಟದ್ದನ್ನು ಕಂಡವರಲ್ಲಿ ಈಗ ಬದುಕಿರುವವರು ನಾನು, ಮಾನ್ವಿಯಲ್ಲಿರುವ ಅಕ್ಕ, ಮತ್ತು ಅಂದು ನೀರು ಕುಡಿದು ಕಣ್ಣು ತೆರೆದ ಆ ಕೂಸು.