ಮುಂದಿನ ತಾರೀಖು

“ಇವತ್ತು ವಾದ ಕೇಳ್ತೀನಿ. ತಯಾರಿದ್ದೀರೇನಮ್ಮ?” ಎಂದರು ಜಮಖಂಡಿಯ ನ್ಯಾಯಾಧೀಶರು. ಕೋರ್ಟಿನ ವಿಶೇಷ ಅನುಮತಿ ಪಡೆದು ವಾದಿಸಲು ಬಂದಿದ್ದ ಕಾನೂನು ವಿದ್ಯಾರ್ಥಿನಿ ವೈಶಾಲಿ ಎದ್ದು ನಿಂತಳು. ಕಬ್ಬಿನ ಟ್ರ್ಯಾಕ್ಟರ್ ಹಾಯ್ದು ಹಣಮವ್ವನ ಕುರಿಗಳು ಸತ್ತಿದ್ದಕ್ಕೆ ಪರಿಹಾರ ಕೇಳಿದ ಕೇಸು. ವಾದವನ್ನೆಲ್ಲ ಅವಳು ಕನ್ನಡಿ ಮುಂದೆ ನಿಂತು ಬಾಯಿಪಾಠ ಮಾಡಿದ್ದಳು.

ಅವಳ ಮೇಲ್ವಿಚಾರಣೆಗೆಂದು ಇದ್ದ ಹಿರಿಯ ವಕೀಲ ಧರ್ಮರಾಜ ಸಾಹೇಬರು ಪಕ್ಕದಲ್ಲಿ ಮೊಬೈಲ್ ತಿಕ್ಕುತ್ತ ಕೂತಿದ್ದರು. ಈ ಮಹಾನುಭಾವರು ಇಷ್ಟು ದಿನ ಕಲಿಸಿದ ಕಾನೂನು ಒಂದೇ: ಏಳು, ತಲೆ ಬಗ್ಗಿಸು, ತಾರೀಖು ಕೇಳು, ಕೂತುಕೋ.

ವೈಶಾಲಿ ತಲೆ ಬಗ್ಗಿಸಿದಳು. ರೂಢಿಬಿದ್ದ ನಾಲಿಗೆ ತಾನೇ ಹೊರಳಿತು.

“ಮುಂದಿನ ತಾರೀಖ ಕೊಡ್ರಿ ಸರ್.”

ನ್ಯಾಯಾಧೀಶರು ಕೊಟ್ಟೇಬಿಟ್ಟರು. ಹಿಪ್ಪರಗಿಯಿಂದ ಬಂದಿದ್ದ ಹಣಮವ್ವ ಹಿಂದಿನ ಬೆಂಚಿನಲ್ಲಿ ಇನ್ನೂ ಕೈಮುಗಿದೇ ಕೂತಿದ್ದಳು.

ಧರ್ಮರಾಜರು ಅಂದು ಮೊದಲ ಸಲ ಮೊಬೈಲಿನಿಂದ ತಲೆ ಎತ್ತಿದರು.

“ಶಾಬಾಸ್! ಈಗ ಖರೇ ವಕೀಲ ಆದಿ ನೋಡವಾ.”