ಕ್ರಮಸಂಖ್ಯೆ ಮೂವತ್ತೊಂದರ ಪೋಷಕರು

ಮೂರು ಗಂಟೆಗೆ ಇನ್ನು ಇಪ್ಪತ್ತೆರಡೇ ನಿಮಿಷ. ಗಡಿಯಾರ ರಿಪೇರಿಯವನು ಬಿಚ್ಚಿದ ವಾಚನ್ನು ತಟ್ಟೆಯಲ್ಲೇ ಬಿಟ್ಟು ಎದ್ದ. ಗಿರಾಕಿಯ ಮುಖದೆದುರೇ ಅಂಗಡಿಯ ಷಟರ್ ಎಳೆದ.

"ಅಯ್ಯೋ, ನನ್ನ ವಾಚು?"

"ನಾಳೆ ಬನ್ನಿ. ಸ್ಕೂಲಿಗೆ ಓಡಬೇಕು."

ಸಂದೇಶ ಆಗತಾನೇ ಬಂದಿತ್ತು. "ಎಂಟನೇ ತರಗತಿ, ಸಿ ವಿಭಾಗ, ಕ್ರಮಸಂಖ್ಯೆ ಮೂವತ್ತೊಂದು. ನಿಮ್ಮ ಮಗಳು ಹದಿನೇಳು ದಿನ ಮೊದಲ ಪೀರಿಯಡ್‌ಗೆ ಗೈರುಹಾಜರು. ಇಂದು ಮೂರರೊಳಗೆ ಪೋಷಕರು ಖುದ್ದಾಗಿ ಬಾರದಿದ್ದರೆ ಹಾಜರಿಯಿಂದ ಹೆಸರು ತೆಗೆಯಲಾಗುವುದು." ಮನೆಯವರಿಗೆ ಸಕಾಲಕ್ಕೆ ತಿಳಿಸುವುದರಲ್ಲಿ ಶಿಕ್ಷಣ ಕಚೇರಿಯದು ಎತ್ತಿದ ಕೈ. ಪೂರಾ ಇಪ್ಪತ್ತೆರಡು ನಿಮಿಷ ಮೊದಲೇ ತಿಳಿಸಿತ್ತು.

ಎರಡು ವರ್ಷದಿಂದ ಕಚೇರಿಗೆ ಈ ಹುಚ್ಚು ಹಿಡಿದಿತ್ತು. ಮನೆಯವರು ಕೈಜೋಡಿಸದೆ ಮಕ್ಕಳು ಕಲಿಯುವುದಿಲ್ಲ ಎಂದು ಯಾರೋ ದೊಡ್ಡವರು ಭಾಷಣ ಮಾಡಿದ್ದೇ ತಡ, ದಿನಕ್ಕೆ ನಾಲ್ಕು ಸಂದೇಶ ಶುರುವಾದವು. ಪ್ರತಿಯೊಂದಕ್ಕೂ "ತಿಳಿಯಿತು" ಎಂದು ಉತ್ತರಿಸಬೇಕು. ಮೊದಲನೆಯದು ಬಂದಾಗ ರಿಪೇರಿಯವನು ಆಕ್ಷೇಪಿಸಿ ನಾಲ್ಕು ಸಾಲು ಬರೆದಿದ್ದ. "ನಿಮ್ಮ ಸಹಭಾಗಿತ್ವಕ್ಕೆ ಧನ್ಯವಾದಗಳು" ಎಂದು ಮರುಕ್ಷಣವೇ ಬಂತು. ಅಲ್ಲಿಗೆ ಅವನು ಸುಮ್ಮನಾದ.

ಆಮೇಲೆ ಅದೇ ರೂಢಿಯಾಯಿತು. ರೂಢಿಯಾದದ್ದು ಬರಬರುತ್ತ ಪ್ರಾಣವಾಯಿತು. ಮನೆಯಲ್ಲಿ ಹದಿನೈದು ನಿಮಿಷ ಗಟ್ಟಿಯಾಗಿ ಓದಿ ಎಂದರೆ ಓದಿದ. ಗಣಿತದಲ್ಲಿ ಕ್ರಮಸಂಖ್ಯೆ ಮೂವತ್ತೊಂದಕ್ಕೆ ನೂರಕ್ಕೆ ತೊಂಬತ್ತಾರು ಬಂತು ಎಂದಾಗ ಅಂಗಡಿಗೆ ಬಂದವರಿಗೆಲ್ಲ ಕರೆದು ಹೇಳಿದ. ಜ್ವರ ಎಂದು ರಜೆ ಬಿದ್ದಾಗ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೊದಲ ಪೀರಿಯಡ್‌ಗೆ ಗೈರು ಎಂದು ಬಂದಾಗಲೆಲ್ಲ ಸಂದೇಶದಲ್ಲಿದ್ದ ತಾರೀಖು, ಬಸ್ ನಂಬರು ಬರೆದಿಟ್ಟುಕೊಂಡ. ಪೋಷಕರ ಸಭೆ ಒಂದನ್ನೂ ತಪ್ಪಿಸಲಿಲ್ಲ. ಬೇರೆ ಪೋಷಕರು ಗೋಡೆಗೆ ಒರಗಿ ಆಕಳಿಸುತ್ತಿದ್ದರೆ ಇವನು ಮುಂದಿನ ಬೆಂಚಿನಲ್ಲಿ ಕೂತು ಟಿಪ್ಪಣಿ ಮಾಡಿಕೊಳ್ಳುತ್ತಿದ್ದ.

ಶಾಲೆಯ ಗೇಟಿನಲ್ಲಿ ಕಾವಲಿನವನು ಫೋನ್ ನಂಬರ್ ಕೇಳಿ, ಪುಸ್ತಕದಲ್ಲಿ ಬೆರಳಿಟ್ಟು ನೋಡಿ, ಒಳಗೆ ಬಿಟ್ಟ. ಹೆಡ್‌ಮಿಸ್ಸಿನ ಮೇಜಿನ ಮುಂದೆ ಅವನು ನಿಂತಾಗ ಎರಡು ಐವತ್ತೆಂಟು.

"ನೀವೇ ಹೀಗಾದ್ರೆ ಹೇಗ್ರೀ?" ಎಂದರು ಆಕೆ. "ಎಂಟುನೂರು ಮನೆಗೆ ಕಳಿಸ್ತೀವಿ. ಎಲ್ಲದಕ್ಕೂ ಉತ್ತರ ಬರೋದು ನಿಮ್ಮೊಬ್ಬರಿಂದ. ಮುಂದಿನ ತಿಂಗಳು ಕಚೇರಿಯವರು ನಿಮಗೆ ಮಾದರಿ ಪೋಷಕ ಅಂತ ಹಾರ ಹಾಕೋರಿದ್ದಾರೆ. ನಿಮ್ಮ ಮಗಳು ನೋಡಿದ್ರೆ ಹೀಗೆ. ದೀಪದ ಬುಡದಲ್ಲೇ ಕತ್ತಲು!"

ರಿಪೇರಿಯವನು ಜೇಬಿನಿಂದ ಮಡಿಸಿದ ಹಾಳೆ ತೆಗೆದ. "ಮೇಡಂ, ಈ ಹದಿನೇಳೂ ದಿನ ಮಂಗಳವಾರ, ಶುಕ್ರವಾರ. ಆ ಎರಡು ದಿನ ಅವಳ ಒಂಬತ್ತನೇ ನಂಬರ್ ಬಸ್ಸು ಮಾರ್ಕೆಟ್ ಸುತ್ತಿಕೊಂಡು ಬರುತ್ತೆ. ಇಪ್ಪತ್ತಾರು ನಿಮಿಷ ತಡ. ನಾನೇ ಎರಡು ವಾರ ಅದರಲ್ಲಿ ಓಡಾಡಿ ಬರ್ಕೊಂಡಿದ್ದೀನಿ. ತಪ್ಪು ಬಸ್ಸಿಂದು, ಮಗೂದಲ್ಲ."

ಹೆಡ್‌ಮಿಸ್ ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. ನಿಲ್ದಾಣ, ನಿಮಿಷ, ಸೆಕೆಂಡು. ಬೇರೆ ಯಾವ ಅಪ್ಪನೂ ಇಂಥದ್ದನ್ನು ತಂದವನಲ್ಲ. ಆಕೆ ಪೆನ್ನು ತೆಗೆದು ಹದಿನೇಳು ಗೈರುಹಾಜರಿಯನ್ನೂ ಒಂದೊಂದಾಗಿ ಹೊಡೆದುಹಾಕಿ "ತಡ" ಎಂದು ಬರೆದರು. ರಿಪೇರಿಯವನಿಗೆ ಹೋದ ಜೀವ ಬಂದಂತಾಯಿತು. ಹೆಸರು ಹೋಗಿದ್ದರೆ ನಾಳೆಯಿಂದ ಆ ಫೋನು ಮೂಕವಾಗುತ್ತಿತ್ತು.

"ಮನೇಲಿ ತುಂಬ ಬೈತೀರೇನೋ ಅವಳನ್ನ?"

"ಇದುವರೆಗೂ ಒಂದು ಮಾತು ಅಂದಿಲ್ಲ ಮೇಡಂ."

"ಅದೇ ತಪ್ಪು. ಮುದ್ದು ಜಾಸ್ತಿ ಆಯ್ತು. ಇರಿ, ಇಲ್ಲೇ ಕರೆಸ್ತೀನಿ."

"ಬೇಡ, ಬೇಡ." ಅವನು ಬಾಗಿಲತ್ತ ಒಂದು ಹೆಜ್ಜೆ ಇಟ್ಟ. "ಪಾಠ ಕೆಡುತ್ತೆ. ನಾನು ಹೊರಡ್ತೀನಿ."

"ಕೂತ್ಕೊಳ್ರೀ. ನೀವು ಇಷ್ಟು ಒದ್ದಾಡಿದ್ದು ಅವಳಿಗೂ ಗೊತ್ತಾಗಲಿ."

ಗಂಟೆ ಒತ್ತಿದರು, ಹೇಳಿಕಳಿಸಿದರು. ಬಾಗಿಲಿಗೆ ಹೋಗಬೇಕಾದರೆ ಹೆಡ್‌ಮಿಸ್ಸಿನ ಕಣ್ಣೆದುರೇ ಹೋಗಬೇಕು. ಓಡಿಹೋಗುವ ವಯಸ್ಸೂ ಅವನದಾಗಿರಲಿಲ್ಲ. ಕೂತು, ಗೋಡೆಯ ಗಡಿಯಾರ ಎಷ್ಟು ನಿಧಾನ ಎಂದು ತನ್ನ ವಾಚಿಗೆ ಹೋಲಿಸಿ ನೋಡಿದ.

ಎರಡು ಜಡೆಯ ತೆಳ್ಳನೆಯ ಹುಡುಗಿ ಬಂದು ಬಾಗಿಲಲ್ಲಿ ನಿಂತಳು. ತೋಳಿನ ತುಂಬ ಸೀಮೆಸುಣ್ಣದ ಪುಡಿ. ಅವನು ತಲೆ ತಗ್ಗಿಸಿದ.

"ನೋಡಮ್ಮಾ," ಎಂದರು ಹೆಡ್‌ಮಿಸ್, "ನಿಮ್ಮಪ್ಪ ಬರದೇ ಇದ್ದಿದ್ರೆ ಇವತ್ತು ನಿನ್ನ ಹೆಸರು ಹೋಗ್ತಿತ್ತು. ನಿನಗೋಸ್ಕರ ಬಸ್ಸಲ್ಲಿ ಎರಡು ವಾರ ಅಲೆದಿದ್ದಾರೆ. ಇಂಥ ಅಪ್ಪ ಎಷ್ಟು ಮಕ್ಕಳಿಗಿದ್ದಾರೆ, ಹೇಳು?"

ಹುಡುಗಿ ಅವನನ್ನು ನೋಡಿದಳು. ಮೇಜಿನ ಮೇಲಿನ ಹಾಳೆ ನೋಡಿದಳು. ಹಾಜರಿ ಪುಸ್ತಕದಲ್ಲಿ ಹೊಡೆದುಹಾಕಿದ ಗೆರೆಗಳನ್ನೂ ನೋಡಿದಳು. ಇನ್ನು ಬಾಯಿ ಬಿಡುತ್ತಾಳೆ, ಎಲ್ಲ ಮುಗಿಯಿತು ಎಂದುಕೊಂಡ ರಿಪೇರಿಯವನು.

"ಬನ್ನಿ ಅಪ್ಪ," ಎಂದಳು ಹುಡುಗಿ ಮೆಲ್ಲಗೆ. "ಬಸ್ಸಿಗೆ ಹೊತ್ತಾಯ್ತು."

ಹೆಡ್‌ಮಿಸ್ಸಿಗೆ ಕಣ್ಣು ತುಂಬಿ ಬಂತು. ಮನೆ ಶಾಲೆ ಒಂದಾದರೆ ಏನು ತಾನೇ ಆಗುವುದಿಲ್ಲ ಎಂದು ಕಚೇರಿಗೆ ಬರೆಯಲು ಆಗಲೇ ಕಾಗದ ಎಳೆದುಕೊಂಡರು.

ಇಬ್ಬರೂ ಮೂರು ಮಾರು ದೂರ ಬಿಟ್ಟುಕೊಂಡು ಅಂಗಳ ದಾಟಿದರು. ಕಾವಲಿನವನು ಅವನಿಗೆ ಸಲಾಮು ಹೊಡೆದ. ಗೇಟಿನಾಚೆ ತಿರುವಿನಲ್ಲಿ, ಯಾರಿಗೂ ಕಾಣದಲ್ಲಿ, ಹುಡುಗಿ ಗಕ್ಕನೆ ನಿಂತು ಅವನತ್ತ ತಿರುಗಿದಳು.

"ನಮ್ಮಜ್ಜಿ ಹತ್ರ ಫೋನಿಲ್ಲ, ಫಾರಮ್ಮಲ್ಲಿ ನಂಬರ್ ಇಲ್ದಿದ್ರೆ ಸೇರಿಸ್ಕೊಳ್ಳಲ್ಲ ಅಂದ್ರು, ಅದಕ್ಕೇ ಮನಸ್ಸಿಗೆ ಬಂದ ಹತ್ತು ಅಂಕಿ ಬರೆದುಬಿಟ್ಟೆ... ಅದು ನಿಮ್ಮದಾ?"